ಅರ್ಧ ಹೆಜ್ಜೆ ತಡ

ಆ ಹುಡುಗಿಯ ಬಗ್ಗೆ ನಾನು ಬರೆದದ್ದು ಮೂರೇ ಸಾಲು. ಬರೆದು ಎರಡು ವರ್ಷವಾಯಿತು. ಈಗಲೂ ನಾನಿರುವ ಪಿಸ್ಕಾಟವೇ ಊರಿನ ಸಿಗ್ನಲ್‌ನಲ್ಲಿ ಕಾರು ನಿಂತಾಗ, ಸಿಂಕಿನಲ್ಲಿ ಅಕ್ಕಿ ತೊಳೆಯುವಾಗ, ಆ ಸಾಲುಗಳು ನನ್ನದೇ ದನಿಯಲ್ಲಿ ಕೇಳಿಸುತ್ತವೆ.

ಟೆಲಿಕಾಂ ಕಂಪನಿಯ ಕೆಲಸ ಹೋದ ಮೇಲೆ ನ್ಯೂಜೆರ್ಸಿಯ ಒಂದು ಕಾಲೇಜಿನ ಮಹಿಳಾ ವಾಲಿಬಾಲ್ ತಂಡದಲ್ಲಿ ಕೆಲಸಕ್ಕೆ ಸೇರಿದೆ. ಮ್ಯಾಚುಗಳ ವಿಡಿಯೋ ಕತ್ತರಿಸಿ ಕೊಡುವುದು, ಹೊಸ ಆಟಗಾರ್ತಿಯರನ್ನು ಹುಡುಕಲು ಹೆಡ್ ಕೋಚ್‌ಗೆ ನೆರವಾಗುವುದು. ಧಾರವಾಡದಲ್ಲಿ ಓದುವಾಗ ನಾನು ಯುನಿವರ್ಸಿಟಿ ತಂಡದ ಲಿಫ್ಟರ್ ಆಗಿದ್ದವಳು. ಇಲ್ಲಿ ಅದಕ್ಕೆ ಸೆಟ್ಟರ್ ಅನ್ನುತ್ತಾರೆ. ನಮ್ಮ ಕಡೆ ಬಂದ ಬಾಲನ್ನು ಎರಡನೆಯದಾಗಿ ಮುಟ್ಟುವವಳು ಅವಳು. ಹೊಡೆಯುವವರಿಗೆ ಎತ್ತಿಕೊಡುವುದು ಅವಳ ಕೆಲಸ.

ಸೇರಿದ ಮೊದಲ ಚಳಿಗಾಲ ಕೋಚ್ ಜೊತೆ ಮ್ಯಾನ್‌ಹಟನ್ನಿನ ಒಂದು ಪುಟ್ಟ ಅಪಾರ್ಟ್‌ಮೆಂಟಿಗೆ ಹೋದೆ. ಹೈಸ್ಕೂಲಿನ ಸೆಟ್ಟರ್ ಹುಡುಗಿ. ತಾಯಿ ನರ್ಸ್, ಡ್ಯೂಟಿಯಿಂದ ಬಂದ ಬಟ್ಟೆಯಲ್ಲೇ ಕೂತಿದ್ದರು. ಹುಡುಗಿಯನ್ನು ಇನ್ನೊಂದು ಕಾಲೇಜೂ ಕರೆದಿತ್ತು.

"ನಿಮ್ಮಲ್ಲಿಗೇ ಯಾಕೆ ಬರಬೇಕು?" ಅಂತ ನೇರವಾಗಿ ಕೇಳಿದಳು.

ಕೋಚ್ ಬಾಯಿ ತೆರೆಯುವ ಮೊದಲೇ ನಾನು, "ನಾಲ್ಕು ವರ್ಷ ಈ ತಂಡಾನ ನಿನ್ನ ಸುತ್ತಾನೇ ಕಟ್ತೀವಿ" ಅಂದೆ. ಹಾಗೆ ಹೇಳು ಅಂತ ಯಾರೂ ನನಗೆ ಹೇಳಿರಲಿಲ್ಲ. ಅವಳ ಆಟ ನೋಡಿದ್ದೆ. ಬಾಲ್ ಅವಳ ಬೆರಳಿಗೆ ತಾಗಿದರೆ ಸದ್ದೇ ಬರುತ್ತಿರಲಿಲ್ಲ.

ಬಂದಳು. ಎರಡು ಸೀಸನ್ ಆಡಿದಳು. ಎರಡರಲ್ಲೂ ನಾವು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.

ಕೋಚ್ ಒಂದು ದಿನ ಬಾಗಿಲು ಹಾಕಿಕೊಂಡು ಮಾತಾಡಿದರು. "ಹೈಸ್ಕೂಲ್ ಹುಡುಗಿಯರನ್ನ ತಂದು ಬೆಳೆಸೋ ತನಕ ಈಗ ಯಾರೂ ಕಾಯಲ್ಲ. ಎಲ್ಲರೂ ಪೋರ್ಟಲ್‌ನಿಂದ ಅನುಭವ ಇರೋರನ್ನ ತರ್ತಿದ್ದಾರೆ. ಇನ್ನೊಂದು ವರ್ಷ ಸೋತರೆ ನಾನೂ ಇರಲ್ಲ, ನೀವೂ ಇರಲ್ಲ." ಪೋರ್ಟಲ್ ಅಂದರೆ ಕಾಲೇಜು ಬದಲಿಸಲು ಬಯಸುವ ಆಟಗಾರ್ತಿಯರು ಹೆಸರು ಕೊಡುವ ಪಟ್ಟಿ.

ವಾರವಿಡೀ ವಿಡಿಯೋ ನೋಡಿದೆ. ದೊಡ್ಡ ಕಾಲೇಜೊಂದರಲ್ಲಿ ಅವಕಾಶ ಸಿಗದೆ ಕೂತಿದ್ದ ಎತ್ತರದ ಸೆಟ್ಟರ್ ಒಬ್ಬಳು ಕಣ್ಣಿಗೆ ಬಿದ್ದಳು. ಇಬ್ಬರನ್ನೂ ಹೋಲಿಸಿ ರಿಪೋರ್ಟ್ ಬರೆದೆ. ನಮ್ಮ ಹುಡುಗಿಯ ಬಗ್ಗೆ ಬರೆದದ್ದು ಇಷ್ಟು: ಒಳ್ಳೆಯ ಕೈ. ತುಂಬಾ ಕಷ್ಟಪಡುತ್ತಾಳೆ. ಆದರೆ ಬಾಲ್ ಬಳಿ ಹೋಗುವುದು ಯಾವಾಗಲೂ ಅರ್ಧ ಹೆಜ್ಜೆ ತಡ, ಅದು ಕಲಿಸಿದರೆ ಬರುವಂಥದ್ದಲ್ಲ.

ಹೊಸಬಳು ಬಂದಳು, ತಂಡ ಗೆಲ್ಲತೊಡಗಿತು. ಎರಡು ವರ್ಷ ನೆಟ್ ಮೇಲೆ ಅಡ್ಡ ಬಂದ ಎದುರಾಳಿಗಳ ಕೈಗೇ ಬಾಲ್ ಹೊಡೆಯುತ್ತಿದ್ದ ಹುಡುಗಿಯರು ಈಗ ಖಾಲಿ ಜಾಗ ನೋಡಿ ಹೊಡೆಯುತ್ತಿದ್ದರು. ಫೈನಲ್ ತನಕ ಹೋದೆವು. ಹಳೆಯ ಹುಡುಗಿ ಬೆಂಚಿನ ತುದಿಯಲ್ಲಿ ಟವೆಲ್ ಹಿಡಿದು ನಿಂತು, ಪ್ರತಿ ಪಾಯಿಂಟಿಗೂ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ನಾನು ಆ ಕಡೆ ನೋಡುತ್ತಿರಲಿಲ್ಲ.

ಸೀಸನ್ ಮುಗಿದ ವಾರ ನನ್ನ ರೂಮಿಗೆ ಬಂದಳು. "ಕೋಚ್, ನಾನೂ ಪೋರ್ಟಲ್‌ಗೆ ಹೆಸರು ಕೊಟ್ಟಿದ್ದೀನಿ. ಬೇರೆ ಕಾಲೇಜಿಗೆ ಕಳಿಸೋಕೆ ಒಂದು ವಿಡಿಯೋ ಮಾಡಿಕೊಡ್ತೀರಾ?" ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ನನ್ನ ನೆನಪಿನಲ್ಲಿ ಅದು ಹೀಗೆ ಕನ್ನಡದಲ್ಲೇ ಕೂತುಬಿಟ್ಟಿದೆ.

ಪಕ್ಕಪಕ್ಕ ಕೂತು ಅವಳ ಎರಡು ವರ್ಷದ ಆಟ ನೋಡಿದೆವು. ಅವಳು ತಡವಾಗಿ ತಲುಪಿದ್ದನ್ನೆಲ್ಲ ನಾನು ಸುಮ್ಮನೆ ಕತ್ತರಿಸಿ ತೆಗೆಯುತ್ತಿದ್ದೆ. ಸ್ವಲ್ಪ ಹೊತ್ತಿಗೆ, "ಸೌಂಡ್ ಆಫ್ ಮಾಡಿ, ನಾನು ಕೂಗೋದನ್ನ ನನಗೇ ಸಹಿಸೋಕಾಗ್ತಿಲ್ಲ" ಅಂದಳು. ಆಫ್ ಮಾಡಿದೆ.

ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು: "ಆ ಹೊಸಬಳನ್ನ ಆರಿಸಿದ್ದು ಯಾರು?"

"ಹೆಡ್ ಕೋಚ್" ಅಂದೆ.

ತಲೆಯಾಡಿಸಿದಳು. ಹೋಗುವಾಗ ಥ್ಯಾಂಕ್ಸ್ ಹೇಳಿ, ಕೂತಿದ್ದ ಕುರ್ಚಿಯನ್ನು ಸರಿಯಾಗಿ ಒಳಗೆ ತಳ್ಳಿಟ್ಟು ಹೋದಳು.

ಹೊಸ ಸೆಟ್ಟರೂ ಒಂದೇ ಸೀಸನ್ ಆಡಿ, ನಗುನಗುತ್ತಲೇ ಇನ್ನೂ ದೊಡ್ಡ ಕಾಲೇಜಿಗೆ ಹೋದಳು. ಕೋಚ್ ಮತ್ತೊಬ್ಬಳನ್ನು ತಂದರು. ಆಗಸ್ಟಿನಲ್ಲಿ ತಂಡಗಳ ಪಟ್ಟಿ ಹೊರಬಿದ್ದಾಗ ನಾನು ಒಂದೊಂದೇ ಕಾಲೇಜು ತೆಗೆದು ಹಳೆಯ ಹುಡುಗಿಯ ಹೆಸರು ಹುಡುಕಿದೆ. ಎಲ್ಲೂ ಇರಲಿಲ್ಲ. ಪ್ರಾಕ್ಟೀಸ್ ನಡೆಯುವಾಗ ಬೆಂಚಿನ ತುದಿಯಿಂದ ಅವಳ ದನಿ ಕೇಳಿದಂತಾಗಿ ತಿರುಗುತ್ತಿದ್ದೆ. ಅಲ್ಲಿ ನೀರಿನ ಬಾಟಲಿಗಳಿರುತ್ತಿದ್ದವು, ಅಷ್ಟೇ.

ಅಕ್ಟೋಬರಿನಲ್ಲಿ ಅವಳಿಗೆ ಫೋನ್ ಮಾಡಿದೆ. "ಆ ಹೊಸ ಸೆಟ್ಟರನ್ನ ಆರಿಸಿದ್ದು ನಾನೇ. ಅವತ್ತು ನಿನಗೆ ಸುಳ್ಳು ಹೇಳಿದೆ."

"ಗೊತ್ತು" ಅಂದಳು. "ಜಿಮ್‌ನಲ್ಲಿ ಹೆಡ್ ಕೋಚ್ ಟ್ಯಾಬ್ಲೆಟ್ ತೆರೆದೇ ಬಿಟ್ಟಿದ್ದರು. ವಿಡಿಯೋಗೆ ನಿಮ್ಮ ಹತ್ತಿರ ಬರೋ ಮುಂಚೇನೇ ನಿಮ್ಮ ರಿಪೋರ್ಟ್ ಓದಿದ್ದೆ. ನೀವಾಗಿಯೇ ಹೇಳ್ತೀರೇನೋ ಅಂತ ಕೇಳಿದ್ದು."

ನಾನು ಕೇಳಿದೆ: "ಈಗ ಎಲ್ಲಿ ಆಡ್ತಿದ್ದೀಯಾ?"

"ಆಡ್ತಿಲ್ಲ. ಒಂದು ಕಾಲೇಜಿಗೆ ಸೇರಿದೆ, ಜೂನ್‌ನಲ್ಲಿ ಆಟ ಬಿಟ್ಟೆ. ಬಾಲ್ ಮೇಲೇಳ್ತಿದ್ದ ಹಾಗೇ ನಿಮ್ಮ ಮಾತು ನೆನಪಾಗ್ತಿತ್ತು. ನಾನು ತಲುಪೋ ಮೊದಲೇ ಅದು ಅಲ್ಲಿ ಇರ್ತಿತ್ತು." ದನಿಯಲ್ಲಿ ಸಿಟ್ಟಿರಲಿಲ್ಲ. ಸಾರಿ ಅಂದೆ. "ಇರಲಿ ಕೋಚ್. ಬಸ್ ಬಂತು" ಅಂದು ಫೋನ್ ಇಟ್ಟಳು.

ಈ ವಸಂತದಲ್ಲಿ ಮತ್ತೆ ಪೋರ್ಟಲ್ ಪಟ್ಟಿ ನನ್ನ ಮೇಜಿಗೆ ಬಂತು. ಒಬ್ಬ ಹುಡುಗಿಯ ವಿಡಿಯೋ ನೋಡಿ ರಿಪೋರ್ಟ್ ಬರೆದೆ, ವೇಗದ ಕಾಲಂ ಖಾಲಿ ಬಿಟ್ಟೆ.

"ಇಲ್ಲೇನೂ ಬರೆದಿಲ್ಲವಲ್ಲ?" ಕೋಚ್ ಕೇಳಿದರು.

"ನೀವೇ ನೋಡಿ."

ನನ್ನ ಮುಖ ಒಮ್ಮೆ ನೋಡಿ, ವಿಡಿಯೋ ಹಾಕಿಕೊಂಡರು. ಒಂದೆರಡು ನಿಮಿಷವಷ್ಟೇ. 'ನಿಧಾನ' ಅಂತ ತಾವೇ ಬರೆದು ಮುಂದಿನ ಹೆಸರಿಗೆ ಹೋದರು. ಆ ಹುಡುಗಿಯನ್ನು ನಾವು ಕರೆಯಲಿಲ್ಲ.