ಡೋರೀನ್ ತಟ್ಟೆಯ ಮೇಲೆ ನಮ್ಮತ್ತೆಯ ಹೆಸರು

“ಆಂಟಿ, ನನ್ನ ತಟ್ಟೆಯ ಮೇಲೆ ಏನು ಬರೆದಿದೆ?”

ಹೀಗೆ ಇಂಗ್ಲಿಷಿನಲ್ಲಿ ಕೇಳಿದವಳು ಡೋರೀನ್. ಎಂಟೋ ಒಂಬತ್ತೋ ವರ್ಷದ ಹುಡುಗಿ. ಅವಳು ಇರುವುದು ಉಗಾಂಡಾದ ಒಂದು ಅನಾಥಾಶ್ರಮದಲ್ಲಿ. ನಾನು ಕೂತಿದ್ದು ಹುಮನಾಬಾದಿನಲ್ಲಿ, ಗೆಳತಿ ಸುವರ್ಣಾಳ ಮನೆಯ ಸೋಫಾದ ಮೇಲೆ, ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಮಂಡಕ್ಕಿ ಸುಸಲಾ ಹಿಡಿದು. ನಮ್ಮಿಬ್ಬರ ನಡುವೆ ಒಂದು ದೊಡ್ಡ ಟಿವಿ. ಅದರಲ್ಲಿ ವಿಡಿಯೊ ಕಾಲ್ ನಡೆದಿತ್ತು.

ಓದಲು ಕಷ್ಟವೇನಿರಲಿಲ್ಲ. ಅಚ್ಚ ಕನ್ನಡ. ಬರೆಸಿದವಳೂ ನಾನೇ. ಆದರೂ ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ. (ಈ ಬಾಯಿ ಸುಮ್ಮನಿರುವ ಪೈಕಿ ಅಲ್ಲ. ವಾರವಾರ ಓದುವವರು ನೀವು, ನಿಮಗೆ ಹೇಳಬೇಕೆ?)

ಮೊದಲಿನಿಂದ ಹೇಳುತ್ತೇನೆ.

ಸುವರ್ಣಾಳಿಗೆ ಒಬ್ಬ ತಮ್ಮ. ಮಲ್ಲಿಕಾರ್ಜುನ, ನಮಗೆಲ್ಲ ಮಲ್ಲು. ಹುಮನಾಬಾದಿನ ಔಷಧ ಫ್ಯಾಕ್ಟರಿಯೊಂದರಲ್ಲಿ ಕೆಮಿಸ್ಟ್ ಆಗಿದ್ದವನು ಈಗ ಉಗಾಂಡಾದ ಫ್ಯಾಕ್ಟರಿಗೆ ಹೋಗಿದ್ದಾನೆ. ರಜೆಯ ದಿನ ಅಲ್ಲೇ ಹತ್ತಿರದ ಅನಾಥಾಶ್ರಮಕ್ಕೆ ಹೋಗುತ್ತಾನೆ. ಮಕ್ಕಳಿಗೆ ಗಣಿತ ಹೇಳಿಕೊಡುತ್ತಾನೆ, ಕೆಟ್ಟ ನಲ್ಲಿ ರಿಪೇರಿ ಮಾಡುತ್ತಾನೆ, ಜ್ವರ ಬಂದವರನ್ನು ದವಾಖಾನೆಗೆ ಕರೆದೊಯ್ಯುತ್ತಾನೆ. ಯಾರಿಗೂ ಹೇಳಿಕೊಂಡವನಲ್ಲ. ಊರಿಗೆ ಬಂದಾಗ ಅಕ್ಕನೇ ಬಾಯಿ ಬಿಡಿಸಿದ್ದು.

“ಅಲ್ಲಿ ತಾಟ ಕಮ್ಮಿ ಅವರಿ ಅಕ್ಕಾರೆ,” ಎಂದ ಬಸವಕಲ್ಯಾಣದ ನಮ್ಮ ಮಹಿಳಾ ಮಂಡಳಿಯ ಮುಂದೆ. “ದೊಡ್ಡ ಹುಡುಗ್ರು ಉಂಡು ತೊಳದು ಕೊಡಬೇಕು. ಆಮ್ಯಾಲೆ ಸಣ್ಣೋರು ಉಣ್ಣಬೇಕು. ಅಷ್ಟ್ರಾಗ ಊಟ ಆರಿ ತಣ್ಣಗಾಗಿರ್ತದ.”

ನಮಗೆಲ್ಲ ಆ ಮಕ್ಕಳ ಮೇಲೆ ಕನಿಕರ ಹುಟ್ಟಿತು. ಇದು ನಾಟಕವಲ್ಲ, ಖರೇನೇ ಅನ್ನಿಸಿತು. “ತಾಟ ನಾವು ಕೊಡ್ತೀವಿ!” ಎಂದು ಎಲ್ಲರಿಗಿಂತ ಮೊದಲು ಕೂಗಿದವಳು ನಾನೇ.

“ರೊಕ್ಕ ಕೊಟ್ರ ಅಲ್ಲೇ ಸಿಗ್ತಾವರಿ. ಇಲ್ಲಿಂದ ಹೊತ್ಕೊಂಡು ಹೋಗೋದು ಯಾಕ?” ಎಂದ ಮಲ್ಲು.

ಎಷ್ಟು ಸರಿಯಾದ ಮಾತು! ಆದರೆ ಮಂಡಳಿಯಲ್ಲಿ ಯಾರ ಮುಖವೂ ಅರಳಲಿಲ್ಲ. ಯಾಕೆ? ರೊಕ್ಕದ ಮೇಲೆ ಹೆಸರು ಹಾಕಿಸಲು ಬರುವುದಿಲ್ಲವಲ್ಲ!

ಸ್ಟೀಲ್ ಪಾತ್ರೆಗೂ ನಮ್ಮ ಮಂದಿಗೂ ಇರುವ ನಂಟು ನಿಮಗೆ ಗೊತ್ತೇ ಇದೆ. ಹೆಸರಿಲ್ಲದ ಪಾತ್ರೆ ಕೊಟ್ಟರೆ ಕೊಟ್ಟಂತೆಯೇ ಅಲ್ಲ. ನನ್ನ ಅಡುಗೆಮನೆಯ ಚರಿಗೆಯ ಮೇಲೆ ಭಾಲ್ಕಿಯ ಕಾಕಾನ ಹೆಸರಿದೆ. ಡಬರಿಯ ಮೇಲೆ ಯಾರದೋ ಲಗ್ನದ ನೆನಪಿದೆ. ನಮ್ಮ ಓಣಿಯ ಸಮುದಾಯ ಭವನದ ಫ್ಯಾನಿನ ಮೂರು ರೆಕ್ಕೆಗಳ ಮೇಲೆ ಮೂವರು ಅಣ್ಣತಮ್ಮಂದಿರ ಹೆಸರಿದೆ. ಅವರು ಬಂದಾಗ ಫ್ಯಾನ್ ಬಂದ್ ಮಾಡುತ್ತೇವೆ, ಹೆಸರು ಕಾಣಲಿ ಅಂತ. (ಸೆಕೆ ತಡೆದುಕೊಳ್ಳಬಹುದು, ಬೇಜಾರು ತಡೆದುಕೊಳ್ಳಲಾಗದು.) ಶರಣರು ನಡೆದಾಡಿದ ಊರು ನಮ್ಮದು. ದಾಸೋಹ ಎಂಬ ಮಾತು ಆಡದೆ ನಾವ್ಯಾರೂ ವೇದಿಕೆಯಿಂದ ಇಳಿಯುವುದಿಲ್ಲ. ಇಳಿದ ಮೇಲೆ, ಬೋರ್ಡಿನಲ್ಲಿ ನಮ್ಮ ಹೆಸರು ಎಷ್ಟನೆಯದು ಎಂದು ನೋಡುತ್ತೇವೆ.

ಅಂತೂ ತಟ್ಟೆಯೇ ಎಂದು ಠರಾವು ಆಯಿತು. ಮಕ್ಕಳು ಮೂವತ್ತು ಚಿಲ್ಲರೆ, ಮಂಡಳಿಯವರೂ ಹೆಚ್ಚುಕಡಿಮೆ ಅಷ್ಟೇ. ಒಬ್ಬೊಬ್ಬರಿಗೆ ಒಂದೊಂದು ತಟ್ಟೆ.

ಬಸವಕಲ್ಯಾಣದ ಪೇಟೆಯಲ್ಲಿ ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ರಶೀದ್ ಚಾಚಾ ಕೂರುತ್ತಾರೆ. ಕಿರ್ರೆನ್ನುವ ಮಷೀನ್ ಹಿಡಿದು ಪಾತ್ರೆಗಳ ಮೇಲೆ ಹೆಸರು ಹಾಕುವುದು ಅವರ ಕೆಲಸ. ನನ್ನ ತಟ್ಟೆ ಮಡಿಲಲ್ಲಿಟ್ಟುಕೊಂಡು ಕೇಳಿದರು: “ಹೆಸರು ಯಾರ್ದು ಹಾಕ್ಲಿ ಬಾಯಿ? ಉಣ್ಣೋರ್ದೋ, ಕೊಡೋರ್ದೋ?”

“ಇದೇನ್ ಕೇಳ್ತೀರಿ ಚಾಚಾ! ಕೊಡೋರ್ದು ಹಾಕ್ರಿ.”

ಹೀಗೆ ನನ್ನ ತಟ್ಟೆಯ ಮೇಲೆ ಬಂದ ಬರಹ ಇದು: ‘ದಿ. ಶರಣಮ್ಮ ಇವರ ಸ್ಮರಣಾರ್ಥ. ಸೊಸೆ ಸೌ. ವಿಜಯಲಕ್ಷ್ಮಿ, ಬಸವಕಲ್ಯಾಣ.’

ಶರಣಮ್ಮ ನಮ್ಮತ್ತೆ. ಬದುಕಿದ್ದಾಗ ಅವರಿಗೂ ನನಗೂ ಎಣ್ಣೆ ಸೀಗೆಕಾಯಿ. ಅವರು ಕೂತ ಕಡೆ ನಾನು ಕೂರುತ್ತಿರಲಿಲ್ಲ, ನಾನು ಮಾಡಿದ ಪಲ್ಯ ಅವರಿಗೆ ರುಚಿಸುತ್ತಿರಲಿಲ್ಲ. ಆದರೂ ತಟ್ಟೆಯ ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ನಾದಿನಿ ಕೂಡಲೇ ಬರೆದಳು: “ವೈನಿ, ನಿಮ್ಮಂಥ ಸೊಸಿ ಯಾರಿಗ್ ಸಿಗ್ತಾಳ್ರಿ!” ಆ ಮೆಸೇಜನ್ನು ಒಲೆಯ ಮೇಲಿನ ಹಾಲು ಉಕ್ಕುವವರೆಗೂ ಓದಿದೆ.

ಉಳಿದವರದ್ದೂ ಇದೇ ಕಥೆ. ಯಾರದೋ ಮಾವ, ಯಾರದೋ ಅಜ್ಜಿ, ಯಾರದೋ ದೊಡ್ಡಪ್ಪ. ಎಲ್ಲರ ತಟ್ಟೆಯ ಮೇಲೂ ‘ದಿ.’, ಎಲ್ಲರ ತಟ್ಟೆಯ ಮೇಲೂ ‘ಸ್ಮರಣಾರ್ಥ’. ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಊಟದ ತಟ್ಟೆ ಕಳಿಸುತ್ತಿದ್ದೇವೆ, ಅದರ ತುಂಬ ಸತ್ತವರ ಹೆಸರು ಹಾಕಿಸುತ್ತಿದ್ದೇವೆ ಎಂದು ಒಬ್ಬಳಿಗಾದರೂ ಹೊಳೆಯಬೇಡವೇ? ನಮ್ಮಲ್ಲಿ ಇಬ್ಬರು ಟೀಚರ್, ಒಬ್ಬ ವಕೀಲೆ, ಒಬ್ಬ ಅಂಕಣಕಾರ್ತಿ.

ಇನ್ನೊಂದು ಮಾತಿದೆ. ಹೇಳದೆ ಬಿಟ್ಟರೆ ಇವತ್ತಿನ ಬರಹ ಸುಳ್ಳಾಗುತ್ತದೆ. ಮಲ್ಲು ವಾಪಸ್ ಹೋದ ಕೂಡಲೇ, ನಾವು ತಟ್ಟೆಗೆ ಹೆಸರು ಹಾಕಿಸುವ ಮೊದಲೇ, ಮಂಡಳಿಯ ಗ್ರೂಪಿಗೆ ಒಂದು ವಿಡಿಯೊ ಕಳಿಸಿದ್ದ. ಮಕ್ಕಳು ಒಬ್ಬೊಬ್ಬರಾಗಿ ಕ್ಯಾಮೆರಾ ಮುಂದೆ ಬಂದು ತಮ್ಮ ಹೆಸರು ಹೇಳಿ ಹೋಗುವ ವಿಡಿಯೊ. ಎಲ್ಲರೂ ಹೂವು, ಹೆಬ್ಬೆರಳು, ಕೈಮುಗಿದ ಚಿತ್ರ ಹಾಕಿದರು. ನಾನೂ ಕೈ ಮುಗಿದೆ. ನೋಡಿದೆನಾ? ಉದ್ದ ಇತ್ತು ಕಣ್ರೀ. ಆಮೇಲೆ ನೋಡಿದರಾಯಿತು ಎಂದುಕೊಂಡೆ.

ಮಲ್ಲುವಿನ ಕಂಪನಿಗೆ ಯಂತ್ರದ ಬಿಡಿಭಾಗಗಳು ಹೋಗುವಾಗ ಅವುಗಳ ಜೊತೆ ತಟ್ಟೆಗಳೂ ಹಡಗು ಹತ್ತಿದವು. ಈಗ ಆ ಆಶ್ರಮದಲ್ಲಿ ಪಾಳಿ ಇಲ್ಲ. ದೊಡ್ಡವರು, ಸಣ್ಣವರು ಒಟ್ಟಿಗೆ ಕೂತು ಬಿಸಿಬಿಸಿ ಉಣ್ಣುತ್ತಾರೆ. ಒಳ್ಳೆಯದಾಗಲಿಲ್ಲವೇ? ಆಯಿತು. ಅದನ್ನು ಅಲ್ಲಗಳೆಯಲಾರೆ.

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ತಟ್ಟೆ ಮುಟ್ಟಿದ್ದನ್ನು ಕಣ್ಣಾರೆ ನೋಡಬೇಡವೇ? ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಜರಿಯಂಚಿನ ಸೀರೆ ಉಟ್ಟು, ಬಸವಕಲ್ಯಾಣದಿಂದ ಬಸ್ ಹತ್ತಿ ಸುವರ್ಣಾಳ ಮನೆ ಸೇರಿದೆವು.

ಟಿವಿಯಲ್ಲಿ ಮಕ್ಕಳು ಕಾಣಿಸಿಕೊಂಡರು. ಅಲ್ಲಿ ಊಟದ ಹೊತ್ತು. ಹಿಂದೆ ಮೇಜಿನ ಮೇಲೆ ದೊಡ್ಡ ಪಾತ್ರೆಯಲ್ಲಿ ಬೀನ್ಸ್ ಹಬೆಯಾಡುತ್ತಿತ್ತು. ಮಕ್ಕಳು ಖಾಲಿ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ನಮ್ಮ ಕಡೆಯಿಂದ ಹೊರಟ ಮೊದಲ ಮಾತೇನು ಗೊತ್ತೇ? “ನನ್ ತಾಟ ಯಾವುದು?”

“ಮಲ್ಲೂ, ತಾಟ ಮ್ಯಾಲ ಹಿಡೀಲಿಕ್ಕೆ ಹೇಳೋ. ಹೆಸರು ಕಾಣವಲ್ದು!” ಎಂದಳು ಸುವರ್ಣಾ.

ಮಲ್ಲು ಇಂಗ್ಲಿಷಿನಲ್ಲಿ ಹೇಳಿದ. ಮಕ್ಕಳು ತಟ್ಟೆ ಎತ್ತಿದರು. ಎಲ್ಲರ ಮುಖ ಮುಚ್ಚಿಹೋಯಿತು. ಟಿವಿ ತುಂಬ ಸ್ಟೀಲ್ ತಟ್ಟೆಗಳು, ಕೆಳಗೆ ಸಣ್ಣ ಸಣ್ಣ ಕಾಲುಗಳು. ನಾವು ಚಪ್ಪಾಳೆ ಹೊಡೆದೆವು. ಆ ಹೊತ್ತಿನ ಫೋಟೊ ಈಗಲೂ ನನ್ನ ಫೋನಿನಲ್ಲಿದೆ. ಅದರಲ್ಲಿ ಹುಡುಕಿದರೂ ಒಂದು ಮಗುವಿನ ಮುಖವಿಲ್ಲ.

ಆಗ ಒಂದು ತಟ್ಟೆ ಕೆಳಗಿಳಿಯಿತು. ಅದರ ಹಿಂದಿನಿಂದ ಎರಡು ಕಣ್ಣು ಕಂಡವು. “ಆಂಟಿ, ನನ್ನ ತಟ್ಟೆಯ ಮೇಲೆ ಏನು ಬರೆದಿದೆ?”

ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು. “ಮಲ್ಲು ಅಂಕಲ್ ನಮ್ಮ ಹೆಸರೆಲ್ಲ ನಿಮಗೆ ಕಳಿಸಿದ್ದರಲ್ಲ? ನಿಮ್ಮ ಅಕ್ಷರದಲ್ಲಿ ನನ್ನ ಹೆಸರು ಹೀಗಿರುತ್ತಾ?” ಜೇಬಿನಿಂದ ಒಂದು ಕಾಗದ ತೆಗೆದಳು. ತಟ್ಟೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದ್ದಳು. ಅಕ್ಷರಗಳು ಚೆನ್ನಾಗಿ ಮೂಡಿದ್ದವು. ದಿ. ಶರಣಮ್ಮ. “ಇಂಥದ್ದೇ ಇನ್ನೊಂದು ಮಾಡಿ ನನ್ನ ಮಂಚದ ಹತ್ತಿರ ಗೋಡೆಗೆ ಅಂಟಿಸಿದ್ದೇನೆ,” ಎಂದಳು.

ನಮ್ಮ ಮನೆಯ ಮಗುವಿನ ಹೆಸರಿನ ಹಿಂದೆ ಯಾರಾದರೂ ‘ದಿ.’ ಅಂತ ಬರೆಯಲಿ ನೋಡೋಣ! ಅವರನ್ನು ಓಣಿಯಲ್ಲಿ ತಿರುಗಾಡಲು ಬಿಡುತ್ತೇವೆಯೇ?

ಸುವರ್ಣಾ ನನ್ನ ಪಕ್ಕೆ ತಿವಿದಳು. “ಹೌದಂತ ಹೇಳಿಬಿಡ್ರಿ.”

“ಹೌದು ಪುಟ್ಟಿ, ನಿನ್ನದೇ ಹೆಸರು,” ಎಂದೆ.

“ಹಾಗಾದರೆ ಓದಿ!”

ಓದಬೇಕು. ಏನಂತ ಓದಲಿ? ಆ ಮಗುವಿನ ಹೆಸರು ನನಗೆ ಗೊತ್ತಿರಲಿಲ್ಲ. ಪಕ್ಕದವಳ ಮುಖ ನೋಡಿದೆ, ಅವಳಿಗೂ ಗೊತ್ತಿಲ್ಲ. ಕೊನೆಗೆ ಮಲ್ಲುವೇ ಬೇರೆ ಕಡೆ ಮುಖ ಮಾಡಿ, ಸಣ್ಣ ದನಿಯಲ್ಲಿ, “ಡೋರೀನ್ ಅಂತರಿ ಅಕ್ಕಾ,” ಎಂದ.

“ಡೋ... ರೀ... ನ್,” ಎಂದು ಗಾಳಿಯಲ್ಲಿ ಬೆರಳಾಡಿಸುತ್ತ ಓದಿದೆ. ಅವಳು ಕುಣಿದಳು.

ಆಮೇಲೆ ಕೇಳಬೇಕೆ? “ನನ್ನದು ಓದಿ, ನನ್ನದು ಓದಿ” ಎಂದು ಮಕ್ಕಳೆಲ್ಲ ಕ್ಯಾಮೆರಾ ಮುಂದೆ ಮುಗಿಬಿದ್ದರು. ಮಲ್ಲು ಕನ್ನಡದಲ್ಲಿ ಹೆಸರು ಹೇಳುವುದು, ನಾವು ಓದಿದಂತೆ ಮಾಡುವುದು. ಐಸಾಕ್. ಪೇಶನ್ಸ್. ಜೋವನ್. ಕನ್ನಡ ಎಂ.ಎ. ಮಾಡಿದ ನಮ್ಮ ಟೀಚರಮ್ಮ ತನ್ನ ಮಾವನ ಹೆಸರನ್ನು ಜೋವನ್ ಎಂದು ಓದಿದಳು.

ಉದ್ದನೆಯ ಹುಡುಗನೊಬ್ಬ ಎರಡು ತಟ್ಟೆಗಳನ್ನು ಅಕ್ಕಪಕ್ಕ ಹಿಡಿದು ನೋಡುತ್ತಿದ್ದ. “ಎಲ್ಲರ ಹೆಸರೂ ಒಂದೇ ಅಕ್ಷರದಿಂದ ಯಾಕೆ ಶುರುವಾಗುತ್ತದೆ?” ಎಂದು ಕೇಳಿದ. ಬೆರಳಿಟ್ಟಿದ್ದು ‘ದಿ.’ ಮೇಲೆ.

ಸುಳ್ಳಿಗೆ ನನ್ನ ತಲೆ ಎಷ್ಟು ಚುರುಕು ನೋಡಿ. “ಅದು ಮನೆತನದ ಹೆಸರು,” ಎಂದುಬಿಟ್ಟೆ.

“ನಮಗೆಲ್ಲ ಒಂದೇ ಮನೆತನವಾ?” ಡೋರೀನ್ ಕೇಳಿದಳು.

“ಹೌದು.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎದ್ದ ಗದ್ದಲಕ್ಕೆ ಟಿವಿಯ ಸ್ಪೀಕರ್ ಗುಂಯ್ ಎಂದಿತು. ಒಬ್ಬರ ಕತ್ತಿಗೆ ಒಬ್ಬರು ಕೈಹಾಕಿ ನಗುತ್ತಿದ್ದರು. ಮಲ್ಲು ಕಾಲ್ ಕಟ್ ಮಾಡಿದ.

ಸುಸಲಾ ಯಾರೂ ಮುಟ್ಟಲಿಲ್ಲ. ಸುವರ್ಣಾ ಮಾತ್ರ, “ಹೋಗ್ಲಿ ಬಿಡ್ರಿ, ಅವಕ್ಕೆಲ್ಲಿ ಕನ್ನಡ ಓದಾಕ ಬರ್ತದ?” ಎಂದಳು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅದೇ ಮಾತನ್ನು ನನಗೆ ನಾನೇ ಹೇಳಿಕೊಂಡೆ. ಸಮಾಧಾನವಾಯಿತು ಎಂದೂ ಅನ್ನಿಸಿತು.

ವಾರ ಕಳೆಯುವ ಮೊದಲೇ ನನಗೆ ಮಲ್ಲುವಿನ ವಾಯ್ಸ್ ಮೆಸೇಜ್ ಬಂತು. “ಅಕ್ಕಾ, ಡೋರೀನ್ ಸಾಲಿ ಪುಸ್ತಕದ ಮ್ಯಾಲೆಲ್ಲಾ ಅದೇ ಬರಿಯಾಕತ್ತಾಳ. ಫ್ಯಾಕ್ಟರಿಗೆ ನಮ್ಮ ಕಡಿ ಮಂದಿ ಬರ್ತಿರ್ತಾರ, ಆಶ್ರಮಕ್ಕೂ ಬರ್ತಾರ. ಯಾರರೆ ಓದಿ ನಕ್ರ ಆ ಕೂಸಿಗೆ ಹ್ಯಾಂಗ ಆಗಬ್ಯಾಡ? ನಾ ಹೇಳಂಗಿಲ್ರಿ. ನೀವೇ ಹೇಳ್ರಿ.”

ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದೆ ರಶೀದ್ ಚಾಚಾ ಹತ್ತಿರ ಹೋದೆ. ಒಮ್ಮೆ ಹಾಕಿದ ಹೆಸರು ಅಳಿಸಲು ಬರುತ್ತದೆಯೇ ಎಂದು ಕೇಳಿದೆ. “ಸ್ಟೀಲ್ ಅದ ಬಾಯಿ, ಬಳಪದ ಪಾಟಿ ಅಲ್ಲ,” ಎಂದು ನಕ್ಕರು. “ಉಜ್ಜಿದ್ರ ತಾಟೇ ಖರಾಬ್ ಆಗ್ತದ. ಯಾಕ, ಹೆಸರು ತಪ್ಪೇನು?” ತಪ್ಪು ಎಂದೆ. ಅವರು ಗಾಬರಿಯಾದರು, ತಮ್ಮ ಕೈಯದೇ ತಪ್ಪು ಎಂದುಕೊಂಡು. ಅಲ್ಲ ಚಾಚಾ, ನಂದು ಎಂದು ಹೇಳಿ ಬಂದೆ.

ಮೊನ್ನೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕಾಲ್ ಮಾಡಿದೆ. ಈ ಸಲ ಜರಿಯಂಚಿನ ಸೀರೆ ಇರಲಿಲ್ಲ. ಮಲ್ಲು ಫೋನನ್ನು ಡೋರೀನ್ ಕೈಗೆ ಕೊಟ್ಟು ಹೊರಗೆ ಹೋದ. ನಾಚಿಕೆಯಿಂದ ನನ್ನ ಇಂಗ್ಲಿಷ್ ತಡವರಿಸುತ್ತಿತ್ತು.

ಎಲ್ಲ ಹೇಳಿದೆ. ಮೊದಲ ಅಕ್ಷರ ಎಂದರೆ ತೀರಿಕೊಂಡವರು ಎಂದರ್ಥ. ಆ ಹೆಸರು ನನ್ನ ಗಂಡನ ತಾಯಿಯದು. ಕೆಳಗಿರುವುದು ನನ್ನದು. ಅವತ್ತು ನಾನು ಓದಿದ್ದು ಸುಳ್ಳು.

ಡೋರೀನ್ ತಟ್ಟೆ ತಂದಳು. ಫ್ರಾಕಿನ ಅಂಚಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದಳು. “ಮನೆತನದ ಹೆಸರು?” ಎಂದು ಕೇಳಿದಳು.

“ಅದೂ ಸುಳ್ಳು ಪುಟ್ಟಿ.”

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು, ಬೈಯಲಿಲ್ಲ. ತಟ್ಟೆಯನ್ನು ಬೋರಲು ಹಾಕಿ ಪಕ್ಕಕ್ಕಿಟ್ಟಳು. ನಿಜಕ್ಕೂ ತಿಳಿಯಬೇಕು ಎಂಬಂತೆ ನನ್ನನ್ನೇ ನೋಡಿ ಕೇಳಿದಳು:

“ಹಾಗಾದರೆ ಆಂಟಿ, ನಾವು ಕಳಿಸಿದ್ದ ನಮ್ಮ ಹೆಸರುಗಳನ್ನೆಲ್ಲ ಏನು ಮಾಡಿದಿರಿ?”