ಆಪಾ ಹೇಳದ ಹೂಂ

ಆಪಾರ ಗಂಟಲಲ್ಲಿ ಭತ್ತದ ಹೊಟ್ಟೊಂದು ಸದಾ ಸಿಕ್ಕಿಕೊಂಡಂತಿತ್ತು. ಮಾತು ಅದನ್ನು ಬಳಸಿಕೊಂಡು ಹೊರಗೆ ಬರಬೇಕಿತ್ತು. ನಡುನಡುವೆ ‘ಖ್ಹಂ’ ಎಂದು ಕೆರೆದುಕೊಳ್ಳುತ್ತಿದ್ದರು. ‘ಹೂಂ’ ಎನ್ನುವಾಗ ಸ್ವರ ಬಾವಿಗೆ ಬಿಟ್ಟ ಕೊಡದ ಹಾಗೆ ಕೆಳಕ್ಕಿಳಿದು ಅಲ್ಲೇ ನಿಲ್ಲುತ್ತಿತ್ತು. ಅವರು ಹುಟ್ಟಿ ಬೆಳೆದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ನಡುವೆ. ಹೊಗೆ ಕುಡಿದು ಬೆಳೆದ ಗಂಟಲು. ನನ್ನ ಗಂಡು ಗಂಟಲಿಗೆ ಅದು ಹೊಲಿಸಿದ ಅಂಗಿಯಂತೆ ಹೊಂದುತ್ತಿತ್ತು. ಊಟದ ಬಿಡುವಿನಲ್ಲೆಲ್ಲ ಆ ಧ್ವನಿಯನ್ನು ಅಣಕಿಸುವ ಅಭ್ಯಾಸ ಮಾಡಿದೆ. ಕಲಿತ ಮೇಲೆ ಮಾಡಿದ ಮೊದಲ ಕೆಲಸವೇ ಕತ್ತೆ ಕೆಲಸ. ಅದನ್ನು ಈಗಲೇ ಹೇಳಿಬಿಡುತ್ತೇನೆ. ತಡ ಮಾಡಿದರೆ ನಾನು ಕತೆಯನ್ನು ನನ್ನ ಅನುಕೂಲಕ್ಕೆ ತಿದ್ದಿಕೊಳ್ಳುವ ಆಸಾಮಿ.

ಕೆ.ಬಿ. ಬಡಾವಣೆಯ ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆ ನಮ್ಮ ಆಫೀಸು. ದಾವಣಗೆರೆ, ಹರಿಹರದ ಅಂಗಡಿ, ಶಾಲೆ, ಆಸ್ಪತ್ರೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವುದು ನಮ್ಮ ಉದ್ಯೋಗ. ಆಪಾ ಅದನ್ನು ಕಟ್ಟಿದವರು; ಉರ್ದುವಿನಲ್ಲಿ ಅಕ್ಕ ಎಂದರ್ಥ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ನಾನು ಬಿಸಿಎ ಮುಗಿಸಿ ಬಂದು ಸೇರಿಕೊಂಡವನು. ಬಂದ ತಿಂಗಳಲ್ಲೇ ಕೆಳಗಿನ ಅಂಗಡಿಯ ಸೇಟು, ಕೊರಿಯರಿನವನು, ಬೆಸ್ಕಾಂ ಲೈನ್‌ಮನ್ನು, ಎಲ್ಲರ ಧ್ವನಿಯನ್ನೂ ತೆಗೆದು ತೋರಿಸಿದ್ದೆ. ಕೆಲಸವೊಂದನ್ನು ಬಿಟ್ಟು ಬೇರೆಲ್ಲ ಬರುತ್ತಿತ್ತು. ಆಪಾ ನನಗಿಟ್ಟ ಹೆಸರು ‘ನಕಲಿ’. ಗಿರಾಕಿಗಳೆದುರೂ ಅದೇ: “ಏ ನಕಲಿ, ಇವರಿಗೆ ನೀರು ಕೊಡೋ.” ಬಂದವರು ನೀರಿನ ಲೋಟವನ್ನು ಅನುಮಾನದಿಂದ ನೋಡುತ್ತಿದ್ದರು.

ಅನುಮಾನ ಆಪಾರ ವೃತ್ತಿಯೇ ಆಗಿತ್ತು ಅನ್ನಬೇಕು. ಗಂಡ ಫೋನ್ ಮಾಡಿದರೂ ಮೊದಲು “ಯಾರ್ರೀ ಮಾತಾಡೋದು?” ಎಂದೇ ಕೇಳುತ್ತಿದ್ದರು. ಆ ಕಡೆಯಿಂದ ಭಾಯಿ, “ನಿನ್ನ ಮದುವಿಯಾಗಿ ಸಿಕ್ಕಿಬಿದ್ದೋನು” ಎಂದು ಕೂಗುವುದು ನನ್ನ ಮೇಜಿಗೂ ಕೇಳುತ್ತಿತ್ತು. ಹಾಗೆಂದು ಬಿಗಿ ಮನಸ್ಸಿನವರಲ್ಲ. ಮೇಜಿನ ಖಾನೆಯಲ್ಲಿ ಬೆಳ್ಳುಳ್ಳಿ ಹಾಕಿ ಹುರಿದ ಮಂಡಕ್ಕಿಯ ಡಬ್ಬಿ ಇರುತ್ತಿತ್ತು. ಬೈಯಬೇಕಾದವರಿಗೆ ಮೊದಲು ಒಂದು ಹಿಡಿ ಕೊಟ್ಟು, ಬಾಯಿ ತುಂಬಿದ ಮೇಲೆ ಬೈಯುತ್ತಿದ್ದರು. ಎದುರುತ್ತರ ಕೊಡಲು ಆಗುತ್ತಿರಲಿಲ್ಲ.

ಹರಿಹರದಲ್ಲಿ ಟ್ರಸ್ಟೊಂದು ನಡೆಸುವ ಡಯಾಲಿಸಿಸ್ ಕೇಂದ್ರ ನಮ್ಮ ಹಳೆಯ ಗಿರಾಕಿ. ಯಾವ ರೋಗಿ ಯಾವ ದಿನ ಬರಬೇಕು, ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು, ಯಾರಿಗೆ ಯಾವ ಔಷಧಿ ಆಗಿಬರುವುದಿಲ್ಲ, ಎಲ್ಲವೂ ಕ್ಲೌಡಿನಲ್ಲಿರುತ್ತದೆ. ಆ ಸೇವೆಯ ಸಬ್‌ಸ್ಕ್ರಿಪ್ಷನ್ನು ನಮ್ಮ ಆಫೀಸಿನ ಡೈರೆಕ್ಟರಿಗೆ ಜೋಡಣೆಯಾಗಿತ್ತು. ಇದರ ತಲೆಬುಡ ತಿಳಿಯದೆ ನಾನು ಒದ್ದಾಡುತ್ತಿದ್ದಾಗ ಆಪಾ ಹೇಳಿದ್ದರು:

“ಸಬ್‌ಸ್ಕ್ರಿಪ್ಷನ್ ಅಂದ್ರೆ ಬಾಡಿಗಿಗೆ ಹಿಡಿದ ಗೋದಾಮು. ಒಳಗ ಸಾಮಾನು ಐತೆ. ಯಾರನ್ನ ಒಳಗ ಬಿಡಬೇಕು ಅಂತ ಗೋದಾಮಿಗೆ ಏನ್ ಗೊತ್ತು? ಬಾಗಿಲಾಗ ನಿಂತು ಮುಖ ನೋಡೋ ವಾಚ್‌ಮನ್ನೇ ಡೈರೆಕ್ಟರಿ. ಒಂದು ಗೋದಾಮಿಗೆ ಒಬ್ಬನೇ ವಾಚ್‌ಮನ್. ಅವನ್ನ ಬದಲಿ ಮಾಡಿದ್ಯೋ, ಹಳಬನಿಗೆ ಗೊತ್ತಿದ್ದ ಮುಖ ಹೊಸಬನಿಗೆ ಗೊತ್ತಿರಲ್ಲ. ಸಾಮಾನು ಇದ್ದಲ್ಲೇ ಇರ್ತೈತೆ. ಜನ ಹೊರಗ ಬೀಳ್ತಾರೆ. ಖ್ಹಂ. ತಿಳೀತಾ?”

ತಿಳಿದದ್ದು ಎಷ್ಟೋ ಏನೋ, ‘ಖ್ಹಂ’ ಮಾತ್ರ ಸರಿಯಾಗಿ ಗಮನಿಸಿಕೊಂಡಿದ್ದೆ.

ಆಗ ಆ ಗೋದಾಮಿಗೆ, ಬೇರೆಯವರಿಗೆ ಅಧಿಕಾರ ಕೊಡಬಲ್ಲ ಇಬ್ಬರು ಒಡೆಯರು: ಆಪಾ, ಮತ್ತು ಹರಿಹರದ ಕೇಂದ್ರದ ರಿಸೆಪ್ಷನ್ ಹುಡುಗಿ. ಒಂದು ದಿನ ಆ ಹುಡುಗಿಗೆ ಆಪಾರ ಧ್ವನಿಯಲ್ಲಿ ಫೋನ್ ಮಾಡಿ, “ನಮ್ಮ ಹುಡುಗನ ಹೆಸರನ್ನೂ ಓನರ್ ಅಂತ ಹಾಕಮ್ಮಾ. ಖ್ಹಂ,” ಎಂದೆ. ಟೀ ಆರುವುದರೊಳಗೆ ಹಾಕಿಬಿಟ್ಟಿದ್ದಳು. ನಾನು ಕುಣಿಯುತ್ತ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ, “ನೋಡ್ರಿ ಆಪಾ, ನಿಮ್ಮ ಗಂಟಲಿಗೆ ಹರಿಹರದಾಗ ಎಷ್ಟು ಕಿಮ್ಮತ್ತು ಐತೆ!” ಎಂದೆ.

ಆಪಾ ನಗಲಿಲ್ಲ. ಆ ದಿನ ಮಂಡಕ್ಕಿಯನ್ನೂ ಕೊಡಲಿಲ್ಲ.

“ಆ ಹುಡುಗಿ ನನ್ನ ನಂಬಿದ್ಲು. ತಪ್ಪಲ್ಲ ಅದು,” ಎಂದರು. “ಮೂರು ಹೊತ್ತು ಮಷಿನ್ ಮ್ಯಾಲೆ ಜೀವ ಇಟ್ಕಂಡಿರೋರ ಮನಿ ಅದು. ನಿನಗೆ ನಾಟಕ ಆಡಾಕ ಬೇರೆ ಜಾಗ ಸಿಗಲಿಲ್ಲೇನು?”

ಅಲ್ಲೇ ಕೂತು ನನ್ನ ಹೆಸರನ್ನು ತೆಗೆದರು. ಹುಡುಗಿಯ ಒಡೆತನವನ್ನೂ ತೆಗೆದು, ಅವಳ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಉಳಿಸಿದರು. ಅವಳಿಗೆ ಕಾರಣವನ್ನು ತಾವೇ ಸಮಾಧಾನವಾಗಿ ಹೇಳಿದರು. ನನ್ನಿಂದ ಕ್ಷಮೆ ಕೇಳಿಸಿದರು, ನನ್ನದೇ ಧ್ವನಿಯಲ್ಲಿ. ಅಂದಿನಿಂದ ಹರಿಹರದ ಕೇಂದ್ರಕ್ಕೆ ಒಂದು ಕಟ್ಟಳೆಯಾಯಿತು: ಯಾರಿಗೇ ಅಧಿಕಾರ ಕೊಡಬೇಕಿದ್ದರೂ ಅವರು ಎದುರಿಗೆ ಬಂದು ಕೂರಬೇಕು, ಫೋನಿನ ಮಾತು ನಡೆಯದು. ಹೀಗೆ ಆಪಾ ಒಬ್ಬರೇ ಒಡೆಯರಾಗಿ ಉಳಿದರು. ಅದು ನನ್ನ ಪ್ರತಿಭೆಯ ಫಲ.

ಆಮೇಲೆ ಆ ಗಂಟಲಿಗೇ ಕಾಯಿಲೆ ಬಂತು.

ಹೊಗೆಯೋ, ಹಣೆಬರಹವೋ, ಡಾಕ್ಟರು ಇಂಥದ್ದೇ ಎಂದು ಹೇಳಲಿಲ್ಲ. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದಾಗ ಧ್ವನಿ ಪೂರ್ತಿ ಹೋಗಿತ್ತು. ಕುತ್ತಿಗೆಯ ಪಟ್ಟಿಯ ಮೇಲೆ ದುಪಟ್ಟಾ ಸುತ್ತಿಕೊಂಡು, ಹೇಳಬೇಕಾದ್ದನ್ನು ಫೋನಿನಲ್ಲಿ ಒತ್ತಿ ನಮ್ಮ ಮುಖಕ್ಕೆ ಹಿಡಿಯುತ್ತಿದ್ದರು. ನೋಡಲು ಹೋದ ಮೊದಲ ದಿನ ನನಗೆ ಹಿಡಿದದ್ದು: “ಈಗ ನನ್ನ ಧ್ವನಿ ನಿನ್ನ ಹತ್ರ ಮಾತ್ರ ಐತೆ. ಹಾಳು ಮಾಡಬ್ಯಾಡ.” ನಾನು ನಗಬೇಕೆಂದೇ ಬರೆದಿದ್ದರು. ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದೆ.

ಉಳಿದಿರುವ ಕಾಲ ಹೆಚ್ಚಿಲ್ಲವೆಂದು ಅವರಿಗೆ ಗೊತ್ತಿತ್ತು. ಅವರ ತಲೆಯಲ್ಲಿದ್ದದ್ದು ಹರಿಹರ. ಟ್ರಸ್ಟಿನವರು ಅಷ್ಟರಲ್ಲಿ ತಮ್ಮ ಸಿಬ್ಬಂದಿಯನ್ನೆಲ್ಲ ಸೇರಿಸಿ ತಮ್ಮದೇ ಡೈರೆಕ್ಟರಿ ಮಾಡಿಕೊಂಡಿದ್ದರು. ಸಬ್‌ಸ್ಕ್ರಿಪ್ಷನ್ನನ್ನು ನಮ್ಮ ಡೈರೆಕ್ಟರಿಯಿಂದ ಬಿಡಿಸಿ ಅದಕ್ಕೆ ಜೋಡಿಸಬೇಕು. ಜೋಡಿಸುವವರು ಗೋದಾಮಿನ ಒಡೆಯರಾಗಿರಬೇಕು, ಎರಡೂ ಡೈರೆಕ್ಟರಿಗಳಿಗೆ ಪರಿಚಿತರಾಗಿರಬೇಕು. ಅಂದರೆ ಆಪಾರೇ ಮಾಡಬೇಕು, ಮತ್ತು ಅದಕ್ಕೆ ಮೊದಲು ಟ್ರಸ್ಟಿನ ಮ್ಯಾನೇಜರು ಅವರನ್ನು ತಮ್ಮ ಡೈರೆಕ್ಟರಿಗೆ ಅತಿಥಿಯಾಗಿ ಸೇರಿಸಬೇಕು. ಆಪಾ ಹೋದ ಮೇಲಾದರೆ ಆ ಗೋದಾಮಿಗೆ ವಾರಸುದಾರರಿಲ್ಲ. ಕ್ಲೌಡ್ ಕಂಪನಿಗೆ ಅರ್ಜಿ ಹಾಕಿಕೊಂಡು ಎಷ್ಟು ದಿನ ಕಾಯಬೇಕೋ! ನಡುವೆ ಏನಾದರೂ ಕೆಟ್ಟರೆ ಸರಿಮಾಡುವವರಿಲ್ಲ, ನರ್ಸು ಯಾವ ಅಂದಾಜಿನ ಮೇಲೆ ಮಷಿನ್ ಹಚ್ಚಬೇಕು?

ಒಂದು ಭಾನುವಾರ ಬೆಳಗ್ಗೆ ಆಪಾರ ಮನೆಯಿಂದಲೇ ಮ್ಯಾನೇಜರಿಗೆ ಫೋನ್ ಹಚ್ಚಿದೆ. ಸ್ಪೀಕರಿನಲ್ಲಿಟ್ಟೆ. ಅವರು ಕಟ್ಟಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ ಮನುಷ್ಯ, ಆದರೆ ಮನಸ್ಸು ಮೆತ್ತಗೆ.

“ಏನಪಾ ಅಂದ್ರೆ, ಆಪಾಗೆ ಮೈ ಸರಿ ಇಲ್ಲ ಅಂತ ಗೊತ್ತೈತಪ್ಪ. ಇಷ್ಟು ದೂರ ಬರಾದು ಬ್ಯಾಡ. ಏನಪಾ ಅಂದ್ರೆ, ಅವರ ಬಾಯಿಂದ ಒಂದು ಹೂಂ ಅನ್ಸಿಬಿಡು. ನಾನೀಗಲೇ ಸೇರಿಸ್ತೀನಿ. ಆಪಾ? ಕೇಳಸ್ತೈತೇನ್ರಿ? ಹೂಂ ಅಂದ್ರೆ ಸಾಕ್ರಿ.”

ಧ್ವನಿ ಪೂರ್ತಿ ಹೋಗಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಪಾ ಫೋನನ್ನೇ ನೋಡುತ್ತಿದ್ದರು. ಭಾಯಿ ಬಾಗಿಲ ಬಳಿ ನಿಂತು ನನ್ನನ್ನು ನೋಡಿದರು, ಬೇಡುವ ನೋಟವದು. ಹರಿಹರಕ್ಕೆ ಹೋಗಿಬರುವ ಶಕ್ತಿ ಹೆಂಡತಿಗಿಲ್ಲವೆಂದು ಅವರಿಗೆ ಗೊತ್ತಿತ್ತು. ಒಂದೇ ಅಕ್ಷರ. ಕೇಳುತ್ತಿರುವವರಿಗೆ ಬೇಕಾದದ್ದು, ಹೇಳಬೇಕಾದವರಿಗೂ ಬೇಕಾದದ್ದು. ನನ್ನ ಗಂಟಲು ತಾನಾಗಿ ಆಪಾರ ಸ್ವರಕ್ಕೆ ಇಳಿಯಿತು. ಬಾಯಿ ತೆರೆದೆ.

ಆಪಾ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು.

ಕೈ ತಣ್ಣಗಿತ್ತು, ಬಲವಿರಲಿಲ್ಲ, ತಳ್ಳಿದ್ದರೆ ಸರಿಯುತ್ತಿತ್ತು. ಇನ್ನೊಂದು ಕೈಯಿಂದ ಅವರು ಕರೆಯನ್ನು ಕಡಿದರು. ಆಮೇಲೆ ಬರೆದು ತೋರಿಸಿದರು: “ಗಾಡಿ ತೆಗಿ.”

“ವಿಡಿಯೊ ಕಾಲ್ ಮಾಡಾಣ್ರಿ ಆಪಾ. ಮುಖ ನೋಡ್ತಾರಲ್ಲ, ತಲಿ ಆಡಿಸಿದ್ರೆ ಆತು,” ಎಂದೆ.

ಆಪಾ ಮತ್ತೆ ಬರೆದರು: “ಜನ ಹೊರಗ ಬೀಳ್ತಾರೆ. ಬಿದ್ದಾಗ ನಾನು ಎದುರಿಗಿರಬೇಕು.”

ಭಾಯಿ ಒಳಗೆ ಹೋಗಿ ದಿಂಬು ತಂದರು.

ದಾರಿಯಲ್ಲಿ ಸಿಗುವ ಬಾತಿ ಊರು ದಾಟುವವರೆಗೂ ಆಪಾ ಕಣ್ಣು ಮುಚ್ಚಿಕೊಂಡು ಭಾಯಿಯ ಹೆಗಲಿಗೊರಗಿದ್ದರು. ನಾನು ಪ್ರತಿ ಗುಂಡಿಗೂ ಬ್ರೇಕ್ ಹಾಕುತ್ತ ಮದುಮಗಳನ್ನು ಕರೆದೊಯ್ಯುವ ಹಾಗೆ ಓಡಿಸಿದೆ. ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಓಡಿಸಿದ್ದು ಅದೇ.

ಕೇಂದ್ರಕ್ಕೆ ಭಾನುವಾರ ರಜೆ. ಮ್ಯಾನೇಜರು ಓಡಿಬಂದು ಬಾಗಿಲು ತೆಗೆದರು. ಆಪಾರ ಕುತ್ತಿಗೆಯ ಪಟ್ಟಿ ನೋಡಿ ಅವರ ‘ಏನಪಾ ಅಂದ್ರೆ’ ಅರ್ಧಕ್ಕೇ ನಿಂತಿತು. ಕುರ್ಚಿ ಎಳೆದರು, ಫ್ಯಾನ್ ಹಾಕಿದರು, ಆರಿಸಿದರು, ಮತ್ತೆ ಹಾಕಿದರು. ಆಪಾ ಕೈಸನ್ನೆಯಲ್ಲಿ ಅವರನ್ನು ಕೂರಿಸಿದರು. ರಿಸೆಪ್ಷನ್ ಹುಡುಗಿಯನ್ನೂ ಇಬ್ಬರು ನರ್ಸುಗಳನ್ನೂ ಕರೆಸಿದರು. ಮ್ಯಾನೇಜರು ಎದುರಿಗೆ ಕೂತ ಆಪಾರನ್ನು ಅತಿಥಿಯಾಗಿ ಸೇರಿಸಿದರು. ಆಪಾ ತಮ್ಮ ಫೋನಿನಲ್ಲಿ ಒಪ್ಪಿಗೆ ಕೊಟ್ಟು, ಹೊಸ ಡೈರೆಕ್ಟರಿಯ ಹೆಸರನ್ನು ಆರಿಸಿ, ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಎಲ್ಲರ ಮುಖವನ್ನೂ ಒಮ್ಮೆ ನೋಡಿದರು. ಒತ್ತಿದರು.

ಸ್ವಲ್ಪ ಹೊತ್ತಿನ ಮೇಲೆ ಹಿರಿಯ ನರ್ಸು, “ಅಯ್ಯೋ, ನಂದು ಹೋತು,” ಎಂದರು. ಹುಡುಗಿಯದೂ ಹೋಯಿತು. ಅಲ್ಲಿದ್ದವರೆಲ್ಲ ತಮ್ಮ ಕೇಂದ್ರಕ್ಕೆ ತಾವೇ ಅಪರಿಚಿತರಾಗಿ ಪರದೆ ನೋಡುತ್ತಿದ್ದರು. ಹಿರಿಯ ನರ್ಸಿನ ಕಣ್ಣು ತುಂಬಿತು. ಮರುದಿನ ಬೆಳಗಿನ ಪಾಳಿ ಅವರದು. ಆಪಾ ಅವರ ಮಣಿಕಟ್ಟು ಹಿಡಿದುಕೊಂಡರು, ಬಿಡಲಿಲ್ಲ. ಒಂದು ಕೈಯಿಂದ ಹಾಗೇ ಹಿಡಿದುಕೊಂಡು, ಇನ್ನೊಂದರಿಂದ ನನಗೆ ತೋರಿಸುತ್ತ ಹೋದರು. ನಾನು ಆಪಾರ ಖಾತೆಯಲ್ಲೇ ಹೊಸ ಡೈರೆಕ್ಟರಿಯಿಂದ ಒಬ್ಬೊಬ್ಬರ ಹೆಸರನ್ನೂ ಹುಡುಕಿ ಅಧಿಕಾರ ಹಾಕಿದೆ. ಮೊದಲು ಆ ನರ್ಸಿನದು. ಅವರು ಒಳಹೊಕ್ಕು ಮರುದಿನದ ರೋಗಿಗಳ ಹೆಸರುಗಳನ್ನು ಗಟ್ಟಿಯಾಗಿ ಓದಿದ ಮೇಲೆಯೇ ಆಪಾ ಕೈ ಬಿಟ್ಟದ್ದು. ಕೊನೆಗೆ ಒಡೆತನ ಮ್ಯಾನೇಜರಿಗೂ ಹಿರಿಯ ನರ್ಸಿಗೂ ಹೋಯಿತು.

ಆಪಾ ಮಳೆಗಾಲ ಶುರುವಾಗುವ ಮೊದಲೇ ತೀರಿಕೊಂಡರು. ಮಣ್ಣು ಮಾಡಿ ಬಂದ ಮರುದಿನ ನಮ್ಮ ಆಫೀಸಿನ ಡೈರೆಕ್ಟರಿಯಿಂದ ಅವರ ಖಾತೆಯನ್ನು ನಾನೇ ತೆಗೆಯಬೇಕಾಯಿತು. ಅದಕ್ಕೆ ಮೊದಲು ಹರಿಹರಕ್ಕೆ ಫೋನ್ ಮಾಡಿ, ಎಲ್ಲ ನಡೀತಿದೆಯೇ ಎಂದು ಕೇಳಿದೆ. ಹಿರಿಯ ನರ್ಸು, “ನಡೀತೈತಪ್ಪ, ಮೊದಲ ಪಾಳಿಯವರು ಮಲಗ್ಯಾರೆ. ಯಾಕ?” ಎಂದರು. ಏನಿಲ್ಲ ಎಂದೆ. ಆಮೇಲೆ ತೆಗೆದೆ. ಹರಿಹರದಲ್ಲಿ ಏನೂ ನಿಲ್ಲಲಿಲ್ಲ, ಯಾರಿಗೂ ಗೊತ್ತೂ ಆಗಲಿಲ್ಲ. ಈಗಲೂ ನಾನು ಎಲ್ಲರನ್ನೂ ಅಣಕಿಸುತ್ತೇನೆ. ಮ್ಯಾನೇಜರು ತಮ್ಮದನ್ನು ತಾವೇ ಕೇಳಿ ಮಾಡಿಸಿಕೊಂಡು ನಗುತ್ತಾರೆ. ಆಪಾರ ಧ್ವನಿಯನ್ನು ಮಾತ್ರ ತೆಗೆಯುವುದಿಲ್ಲ. ನನಗೆ ಒಂದು ಕೆಲಸ ಅಂತ ಬಂದಿದ್ದರೆ ಅದು ಆ ಭಾನುವಾರ ಬಂದದ್ದು.

ಅಂದು ಹೊರಡುವ ಮುಂಚೆ ಮ್ಯಾನೇಜರು ತಡೆದಿದ್ದರು. ಒಡೆಯರ ಜಾಗದಿಂದ ಆಪಾ ತಮ್ಮ ಹೆಸರನ್ನು ತಾವೇ ತೆಗೆದುಬಿಟ್ಟಿದ್ದರು. ಇಷ್ಟು ವರ್ಷ ನೋಡಿಕೊಂಡವರು, ಇರಲಿ ಎಂದರು. ನಾನೂ ಜೊತೆಗೂಡಿ, “ಹೌದ್ರಿ ಆಪಾ, ನಿಮ್ಮ ಹೆಸರೂ ಒಂದು ಇರ್ಲಿ,” ಎಂದು, ಅವರನ್ನು ಕೇಳದೆಯೇ ಮ್ಯಾನೇಜರ ಕಂಪ್ಯೂಟರಿನಲ್ಲಿ ಅವರ ಹೆಸರಿನ ಅಕ್ಷರ ಒತ್ತಲು ಶುರು ಮಾಡಿದ್ದೆ. ಆಪಾ ನನ್ನ ಕೈಯ ಮೇಲೆ ಮೆಲ್ಲಗೆ ಒಂದೇಟು ಹಾಕಿ, ಫೋನಿನಲ್ಲಿ ಬರೆದು, ಇಬ್ಬರ ಮುಖಕ್ಕೂ ಹಿಡಿದರು:

“ನಾಳೆ ಕೆಲಸಕ್ಕೆ ಬರೋರ ಹೆಸರು ಹಾಕ್ರಿ. ನಾ ಬರ್ತೀನೇನು?”