ರುಚಿ ಇಲ್ಲದವರು ಹೋಗುವ ಜಾಗ

ಊರೂರಲ್ಲೂ ಒಂದೇ ಬೋರ್ಡು ಹಾಕಿಕೊಂಡು ಒಂದೇ ರುಚಿಯ ತಿಂಡಿ ಮಾರುವ ಪಿಜ್ಜಾ ಅಂಗಡಿಗಳನ್ನು ಕಂಡರೆ ನನ್ನ ಹೆಂಡತಿಗೆ ಆಗುತ್ತಿರಲಿಲ್ಲ. ಶಿವಮೊಗ್ಗದಲ್ಲಿ ಅಂಥದ್ದೊಂದು ಬಾಗಿಲು ತೆರೆದಾಗಲೆಲ್ಲ ಅವಳ ತೀರ್ಪು ಹೊರಬೀಳುತ್ತಿತ್ತು. "ಸೋಗಾನೆಗೆ ವಿಮಾನ ಬಂತು, ಊರಿಗೆ ದೊಡ್ಡಸ್ತಿಕೆ ಬಂತು, ನಾಲಿಗೆ ಮಾತ್ರ ಹೋಯ್ತು" ಎನ್ನುತ್ತಿದ್ದಳು. ಒಮ್ಮೆ ಸುಮ್ಮನೆ ಹೋಗಿ ನೋಡೋಣವೇ ಎಂದು ನಾನು ಕೇಳಿದ್ದಕ್ಕೆ, "ಅದು ಬಾಯಲ್ಲಿ ರುಚಿ ಇಲ್ಲದೋರು ಹೋಗೋ ಜಾಗ ಕಣ್ರೀ" ಎಂದು ಮಾತು ಮುಗಿಸಿದಳು. ಅವಳ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ. ನಾನೂ ಜೊತೆಗೆ ಕೂತು ಮೂಗು ಮುರಿಯುವುದನ್ನು ಕಲಿತೆ. ಮೂಗು ಮುರಿಯುವುದರಲ್ಲಿ ಒಂದು ಸುಖವಿದೆ, ಖರ್ಚೂ ಇಲ್ಲ.

ಕಳೆದ ವರ್ಷ ಅವಳು ತೀರಿಕೊಂಡಳು. ಜ್ವರವೆಂದು ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ನಮಗೆ ಮಕ್ಕಳಿಲ್ಲ. ಶಿವಮೊಗ್ಗದ ನವುಲೆಯ ಮನೆಯಲ್ಲಿ ನಾನೊಬ್ಬನೇ ಉಳಿದೆ, ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವಳ ತಾಯಿ ಒಬ್ಬರೇ ಉಳಿದರು. ಬಂದವರೆಲ್ಲ ನಾನು ಅಳಲಿ ಎಂದು ಕಾದರು, ಅತ್ತರೆ ಹಗುರಾಗುತ್ತದೆ ಎಂದು ಬುದ್ಧಿಯನ್ನೂ ಹೇಳಿದರು. ನನಗೆ ಅಳು ಬರಲಿಲ್ಲ, ಹಸಿವೂ ಆಗಲಿಲ್ಲ. ಕಾಲೇಜಿಗೆ ಹೋಗುತ್ತಿದ್ದೆ, ಪಾಠ ಮಾಡುತ್ತಿದ್ದೆ, ಬರುತ್ತಿದ್ದೆ. ಕಾಫಿಗೆ ಸಕ್ಕರೆ ಹಾಕಿದ್ದೇನೋ ಇಲ್ಲವೋ ಎನ್ನುವುದು ಕುಡಿದ ಮೇಲೂ ತಿಳಿಯುತ್ತಿರಲಿಲ್ಲ.

ಶನಿವಾರ ಕಾಲೇಜು ಮುಗಿಸಿ ಅತ್ತೆಯನ್ನು ನೋಡಲು ಹೋಗುವುದು ರೂಢಿಯಾಯಿತು. ಮಗಳೇ ಇಲ್ಲದ ಮೇಲೆ ಅಳಿಯನ ನಂಟೇನು ಎಂದು ಅವರ ಕಡೆಯವರು ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿತ್ತು. ಆ ನಂಟು ಉಳಿಯಬೇಕೆಂಬ ಆಸೆ ಮಾತ್ರ ನನ್ನಲ್ಲಿ ಸತ್ತಿರಲಿಲ್ಲ. ಅವಳನ್ನು ನನ್ನಷ್ಟೇ ಬಲ್ಲವರು ಇನ್ನು ಅವರೊಬ್ಬರೇ.

ಕಷ್ಟವಿದ್ದದ್ದು ಊಟದಲ್ಲಿ. ಅತ್ತೆ ತೀರಿಹೋದ ಸಂಸ್ಕೃತ ಮೇಷ್ಟರ ಹೆಂಡತಿ, ಮಡಿಯವರು. ನೈವೇದ್ಯವಾಗುವ ಮೊದಲು ಅಡುಗೆಯನ್ನು ನಾಲಿಗೆಗೆ ಮುಟ್ಟಿಸುವವರಲ್ಲ. ಉಪ್ಪೆಲ್ಲ ಕೈಯಂದಾಜು. ಹೆಚ್ಚೋ ಕಡಿಮೆಯೋ ಹೇಳುತ್ತಿದ್ದವಳು ಮಗಳು. ಮೊದಲ ತುತ್ತಿಗೇ "ಅಮ್ಮಾ, ಸಾರಿಗೆ ಉಪ್ಪು ಸಾಲದು" ಎಂದು ಕೂಗುತ್ತಿದ್ದಳು. "ನಿನ್ನ ನಾಲಿಗೆ ಉದ್ದ ಆಯ್ತು ಕಣೇ" ಎಂದು ಗೊಣಗುತ್ತಲೇ ಅತ್ತೆ ಉಪ್ಪಿನ ಬಟ್ಟಲು ತರುತ್ತಿದ್ದರು. ಅಳಿಯನಾದವನು ಹಾಗೆಲ್ಲ ಹೇಳುವಂತಿಲ್ಲ. ಅತ್ತೆಯೂ ಅಳಿಯನ ಎದುರು ಕೂತು ಉಣ್ಣುವಂತಿಲ್ಲ. ಬಡಿಸಿ, ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನು "ಚೆನ್ನಾಗಿದೆ" ಎನ್ನುತ್ತಿದ್ದೆ. ಅವರು ಇನ್ನೂ ಸ್ವಲ್ಪ ಹೊತ್ತು ಕಾಯುತ್ತಿದ್ದರು. ಇಬ್ಬರೂ ಯಾವ ದನಿಗೆ ಕಾಯುತ್ತಿದ್ದೇವೆಂದು ಇಬ್ಬರಿಗೂ ಗೊತ್ತಿತ್ತು. ಎರಡು ತಿಂಗಳಾಗುವಷ್ಟರಲ್ಲಿ ನಾನು ಊಟದ ಹೊತ್ತು ತಪ್ಪಿಸಿ ಹೋಗತೊಡಗಿದೆ, ಅವರೂ ಉಂಡು ಹೋಗಿ ಎಂದು ಒತ್ತಾಯಿಸುವುದನ್ನು ಬಿಟ್ಟರು.

ಒಂದು ಶನಿವಾರ ಅವರನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಶಿವಮೊಗ್ಗಕ್ಕೆ ಕರೆತಂದಿದ್ದೆ. ಹೊರಗೆ ಬರುವಾಗ ಸಂಜೆಯಾಗಿತ್ತು. ಅವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಲೇಬೇಕು. ಎದುರಿಗೆ ಇದ್ದದ್ದು ಪಿಜ್ಜಾ ಅಂಗಡಿಯೊಂದೇ. ನಾನು ಹಿಂದೆಮುಂದೆ ನೋಡಿದೆ. ವರ್ಷ ತುಂಬುವವರೆಗೆ ಕರ್ಮ ಮಾಡಿದವನಿಗೆ ತಮ್ಮ ಮನೆಯದೊಂದು ಬಿಟ್ಟು ಬೇರೆ ಪರಾನ್ನ ಕೂಡದೆಂದು ವಿಧಿಸಿದವರೂ ಅತ್ತೆಯೇ.

ಅವರು ಗಾಜಿನೊಳಗೆ ದಿಟ್ಟಿಸಿ ನೋಡಿದರು. "ಅದರಲ್ಲಿ ಅನ್ನ ಇರತ್ತಾ?"

"ಇಲ್ಲ. ಗೋಧಿ ಹಿಟ್ಟಿಂದು, ಮೈದಾ."

"ಮತ್ತೆ ಪರಾನ್ನ ಹೆಂಗಾಗತ್ತೆ? ಶನಿವಾರ ರಾತ್ರಿಗೆ ಫಲಾಹಾರ ಆಯ್ತು, ನಡೀರಿ."

ಇಂಥ ಶಾಸ್ತ್ರಾರ್ಥವನ್ನು ಅವರ ಯಜಮಾನರೂ ಹೇಳಿರಲಾರರು. ಕೌಂಟರಿನ ಹುಡುಗಿಗೆ "ಈರುಳ್ಳಿ ಸೋಕಿಸಬೇಡಮ್ಮ" ಎಂದು ತಾಕೀತು ಮಾಡಿ ಅತ್ತೆ ಕೆಂಪು ಸೋಫಾದಲ್ಲಿ ಕೂತರು. ಬಡಿಸಲು ಅಲ್ಲಿ ಏನೂ ಇರಲಿಲ್ಲ, ನಿಲ್ಲಲು ಬಾಗಿಲೂ ಇರಲಿಲ್ಲ. ಹಾಗಾಗಿ ನನ್ನೆದುರೇ ಕೂತು ತಿಂದರು. ಮದುವೆಯಾಗಿ ಇಪ್ಪತ್ತು ವರ್ಷ ಕಳೆದಿದ್ದರೂ ಅತ್ತೆ ತಿನ್ನುವುದನ್ನು ನಾನು ನೋಡಿದ್ದು ಅಂದೇ ಮೊದಲು. ಚೀಸು ನೂಲಿನಂತೆ ಎಳೆಎಳೆಯಾಗಿ ಬಂತು. "ಇದೇನಿದು, ಬಿಡೋದೇ ಇಲ್ವಲ್ಲ" ಎಂದು ನಕ್ಕರು. ಅವರಿಗೆ ನಗು ಬಂತಲ್ಲ ಎಂದುಕೊಂಡೆ, ಅಷ್ಟೆ. ನನಗೆ ಬಾಯಲ್ಲಿ ಬಿಸಿ ಗೊತ್ತಾಯಿತು, ರುಚಿ ಗೊತ್ತಾಗಲಿಲ್ಲ. ಬಾಯಲ್ಲಿ ರುಚಿ ಇಲ್ಲದವರು ಹೋಗುವ ಜಾಗಕ್ಕೆ ಸರಿಯಾದ ಗಿರಾಕಿಯೇ ಬಂದಿದ್ದ.

ಆಮೇಲೆ ಪ್ರತಿ ಶನಿವಾರ ಅಲ್ಲಿಗೇ ಹೋದೆವು. ಅತ್ತೆ ಬಸ್ಸಿನಲ್ಲಿ ಬರುತ್ತಿದ್ದರು, ತಿರುಗಿ ನಾನು ಕಾರಿನಲ್ಲಿ ಬಿಟ್ಟು ಬರುತ್ತಿದ್ದೆ. ಖಾರದ ಪುಡಿಯ ಪೊಟ್ಟಣಗಳನ್ನು ಪರ್ಸಿಗೆ ಸೇರಿಸಿಕೊಳ್ಳುವುದರಲ್ಲಿ ಅವರದು ಎತ್ತಿದ ಕೈ. ನನ್ನ ಸಹೋದ್ಯೋಗಿಯೊಬ್ಬರು ಒಮ್ಮೆ ನೋಡಿ, "ಏನ್ ಸಾರ್, ನೀವೂ ಇಲ್ಲಿಗಾ?" ಎಂದು ಹುಬ್ಬೇರಿಸಿದರು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಆ ಜಾಗದಲ್ಲಿ ಹೋದ ವಾರದ ಮೇಜೂ ಈ ವಾರದ ಮೇಜೂ ಒಂದೇ. ಅವಳು ಅಲ್ಲಿ ಕಾಲಿಟ್ಟವಳಲ್ಲ, ಅಲ್ಲಿನ ಯಾವ ಕುರ್ಚಿಯೂ ಅವಳದಲ್ಲ. ಅದಕ್ಕೇ ನಾವಿಬ್ಬರೂ ಅಲ್ಲಿ ಕೂತು ತಿನ್ನಬಹುದಿತ್ತು.

ವರ್ಷಾಬ್ದಿಕ ಮುಗಿದ ಮೇಲಿನ ಶನಿವಾರ ಅತ್ತೆ ಅರ್ಧ ತಿಂದು ತಟ್ಟೆ ಸರಿಸಿದರು. "ಇಲ್ಲಿ ಎಲ್ಲ ಅಳತೆ ಮಾಡಿ ಹಾಕ್ತಾರೆ, ಒಂದಿನಾನೂ ತಪ್ಪಲ್ಲ" ಎಂದರು. ಕೈ ಒರೆಸಿಕೊಂಡು, "ಒಬ್ಬಳಿಗೇ ಅಡುಗೆ ಮಾಡಿ ಮಾಡಿ ನನ್ನ ಕೈ ಹಿಡಿತ ತಪ್ಪಿದೆ. ಹೇಳೋರಿಲ್ಲ. ನಾಳೆ ಮಧ್ಯಾಹ್ನ ಮನೆಗೇ ಬನ್ನಿ" ಎಂದರು.

ಹೋದೆ. ನಡುಮನೆಯಲ್ಲಿ ಎರಡು ಎಲೆ ಎದುರುಬದುರಾಗಿ ಹಾಕಿತ್ತು. ಎರಡಕ್ಕೂ ಬಡಿಸಿ, ಗೋಡೆ ಹಿಡಿದುಕೊಂಡು ಮೆಲ್ಲಗೆ ಅತ್ತೆ ನನ್ನೆದುರು ಕೂತರು. "ಅಲ್ಲಿ ಕೂತಿದ್ದೀನಿ, ಇಲ್ಲಿ ಕೂತರೇನಂತೆ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಅನ್ನಕ್ಕೆ ಸಾರು ಕಲಸಿ ಬಾಯಿಗಿಟ್ಟೆ. ಅವರು ತಮ್ಮ ಎಲೆ ಮುಟ್ಟದೆ ನನ್ನನ್ನೇ ನೋಡುತ್ತಿದ್ದರು. ನಾಲಿಗೆಗೆ ಏನೋ ಕೊರತೆಯೆನಿಸಿತು. ಅದು ಏನೆಂದು ತಿಳಿಯಲು ಇನ್ನೊಂದು ತುತ್ತು ಬೇಕಾಯಿತು.

"ಅತ್ತೆ, ಸಾರಿಗೆ ಉಪ್ಪು ಸಾಲದು" ಎಂದೆ.

ಅವರು ಎದ್ದು ಒಳಗೆ ಹೋದರು. ಉಪ್ಪಿನ ಬಟ್ಟಲು ತರಲು ಅಷ್ಟು ಹೊತ್ತು ಬೇಕಿರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು. ಬಗ್ಗಿ ನನ್ನ ಎಲೆಯ ತುದಿಗೆ ಉಪ್ಪು ಬಡಿಸುತ್ತ, "ನಿಮ್ಮ ನಾಲಿಗೇನೂ ಉದ್ದ ಆಯ್ತು" ಎಂದರು.

ಆಗ ನನಗೆ ಅಳು ಬಂತು.